ಎದುರು ವಾದಿಸುವ ಮಗನಿಗೆ ಯಾವ ಪಾಠ?

ಸಹೋದರಿ, ಹದಿಮೂರರ ಮಗ ಸಂಡೇ ಸ್ಕೂಲಿನಲ್ಲೂ ಮನೆಯಲ್ಲೂ ಎಲ್ಲದಕ್ಕೂ ವಾದಿಸುತ್ತಾನೆ, ಶಾಲೆ ಬಿಡಿಸಿ ಮನೆಯಲ್ಲೇ ಕ್ಲಾಸಿಕಲ್ ಕ್ರಿಶ್ಚಿಯನ್ ಶಿಕ್ಷಣ ಕೊಡಲೇ ಎಂದು ಕೇಳಿದ್ದೀರಿ. ಬಿಡಿಸಬೇಡಿ. ಅದರ ಸತ್ವವನ್ನು ಶಾಲೆಯ ಜೊತೆಗೇ ಕೊಡಬಹುದು.

ಮಧ್ಯಯುಗದ ಯೂರೋಪಿನ ವ್ಯಾಕರಣ, ತರ್ಕ, ವಾಕ್ಕಲೆ (ಮನಮುಟ್ಟುವಂತೆ ಮಾತಾಡುವ ಕಲೆ) ಇವೇ ಈ ಪದ್ಧತಿಯ ಬುನಾದಿ. 1947ರಲ್ಲಿ ಆಕ್ಸ್‌ಫರ್ಡ್‌ನ ಭಾಷಣವೊಂದರಲ್ಲಿ ಇಂಗ್ಲಿಷ್ ಲೇಖಕಿ ಡೊರೊತಿ ಸೇಯರ್ಸ್ ಇವನ್ನು ವಯಸ್ಸಿಗೆ ಹೊಂದಿಸಿದರು: ಚಿಕ್ಕವರಿಗೆ ಬಾಯಿಪಾಠ ಇಷ್ಟ, ಆಮೇಲೆ ಎದುರುತ್ತರ, ಕೊನೆಗೆ ಸ್ವಂತ ಮಾತು. ನಿಮ್ಮ ಮಗ ನಡುವಿನ ಘಟ್ಟದಲ್ಲಿದ್ದಾನೆ. ಅವನು ಕೆಟ್ಟಿಲ್ಲ, ವಾದಿಸುವುದನ್ನು ಕಲಿಯಬೇಕಿದೆ. ಬೈಬಲಿನ ಯೋಬನ ಗ್ರಂಥವನ್ನು ಒಟ್ಟಿಗೆ ಓದಿ. ಕಷ್ಟದಲ್ಲಿದ್ದ ಯೋಬನೊಂದಿಗೆ ವಾದಿಸಿದ ಸ್ನೇಹಿತರ ಮಾತು ಎಲ್ಲಿ ತಪ್ಪಿತೆಂದು ಅವನೇ ಹುಡುಕಲಿ. ಯೋಬ ದೇವರನ್ನೇ ಪ್ರಶ್ನಿಸಿದ, ಆದರೂ ಕೊನೆಗೆ ದೇವರು ಗದರಿಸಿದ್ದು ಆ ಸ್ನೇಹಿತರನ್ನು. ಇದು ಅವನಿಗೆ ಖಂಡಿತ ನಾಟುತ್ತದೆ. ಮೊಬೈಲಿನಲ್ಲಿ ನೋಡುವ ರೀಲ್ಸ್‌ಗಳನ್ನೂ ಹಾಗೇ ಪರೀಕ್ಷಿಸಲಿ: ಇವರು ಏನು ಹೇಳುತ್ತಿದ್ದಾರೆ, ಆಧಾರವೇನು? ನಿಮಗೆ ಉತ್ತರ ತೋಚದಿದ್ದರೆ ಸಭಾಪಾಲಕರ ಬಳಿ ಕರೆದೊಯ್ಯಿರಿ. ಬಾಯಿ ಮಾತ್ರ ಮುಚ್ಚಿಸಬೇಡಿ.

ಈ ಪದ್ಧತಿಯಲ್ಲಿ ಕಲಿಸುವ ಲ್ಯಾಟಿನ್ ಬೇಕೇ ಅಂದಿರಿ. ಬೆಂಗಳೂರಿನ ನಮ್ಮ ಮಕ್ಕಳಿಗೆ ಮೊದಲು ಕನ್ನಡ ಬೇಕು ಅಂತ ನನಗನಿಸುತ್ತದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡ ಆರಾಧನೆ ಅರ್ಥವಾಗದೆ ಸಭೆಯಿಂದ ದೂರವಾದವರು ಎಷ್ಟೋ ಜನ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು. ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನೂ ಸಂಪಾದಿಸಿದರು. ಎಂ.ಜಿ. ರಸ್ತೆಯಲ್ಲಿರುವ ಅವರ ಪ್ರತಿಮೆ ತೋರಿಸಿ, ಅವರ ಕೆಲಸ ಹೇಳಿ. ಬೈಬಲಿನಿಂದ ವಾರಕ್ಕೊಂದು ಕೀರ್ತನೆಯನ್ನು ಇಬ್ಬರೂ ಕನ್ನಡದಲ್ಲೇ ಗಟ್ಟಿಯಾಗಿ ಓದಿ. ಇದಕ್ಕೆಲ್ಲ ಭಾನುವಾರ ಮಧ್ಯಾಹ್ನ ಒಂದು ತಾಸು ಸಾಕು, ಪರೀಕ್ಷೆಯ ವಾರಗಳಲ್ಲಿ ಬಿಟ್ಟರೂ ಪರವಾಗಿಲ್ಲ.