ಮೇಷ್ಟ್ರೇ, ನೀವು ಅರ್ಧ ಮಾತ್ರ ಕೇಳಿದಿರಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಹದಿನೈದು ದಿನ ಆಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮೆ ಇರಲಿ. ಸುಮ್ನೆ ಕೂತಿರಲಿಲ್ಲ. ನೀವು ಹೇಳಿದ್ದು ನಿಜವಾ ಅಂತ ಹಳೆಯ ಸಂಚಿಕೆಗಳನ್ನು ಕೆದಕುತ್ತಿದ್ದೆ.

ಪತ್ರವನ್ನು ಪೂರ್ತಿ ಹಾಕಲು ಜಾಗವಿಲ್ಲ, ಆದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಹಾಸನದ ಕಡೆಯ ಈ ನಿವೃತ್ತ ಮೇಷ್ಟ್ರು ನಮ್ಮ ಹಳೆಯ ಚಂದಾದಾರರು. ನಮ್ಮ ರಾಜಕೀಯ ಅಂಕಣಕಾರರೊಬ್ಬರ ಎರಡು ಅಂಕಣಗಳ ಕಟಿಂಗ್ ಲಗತ್ತಿಸಿ ಕಳಿಸಿದ್ದಾರೆ. ಒಂದು 2011ರ ಜನವರಿಯದು. ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ಪ್ರಾಸಿಕ್ಯೂಷನ್‌ಗೆ, ಅಂದರೆ ಮೊಕದ್ದಮೆ ಹೂಡಲು, ಅನುಮತಿ ಕೊಟ್ಟಾಗ ಬರೆದದ್ದು. ಇನ್ನೊಂದು 2024ರ ಆಗಸ್ಟ್‌ನದು. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಿರುದ್ಧ ಅನುಮತಿ ಕೊಟ್ಟಾಗ ಬರೆದದ್ದು. ಮೊದಲನೆಯದರಲ್ಲಿ ರಾಜ್ಯಪಾಲರು ದೆಹಲಿಯ ಏಜೆಂಟ್. ಎರಡನೆಯದರಲ್ಲಿ ಸಂವಿಧಾನದ ಕಾವಲುಗಾರ. ‘ಇವರಿಗೆ ನಾಚಿಕೆ ಇಲ್ಲವೇ? ಹೋಗಲಿ, ಅಚ್ಚು ಹಾಕುವ ನಿಮಗಾದರೂ ಬೇಡವೇ? ಓದುಗರನ್ನು ಕೆರಳಿಸಿ ಪತ್ರಿಕೆ ಮಾರುವುದಕ್ಕಿಂತ ಬೇರೆ ವ್ಯಾಪಾರ ನೋಡಿಕೊಳ್ಳಿ’ ಅಂತ ಬರೆದು, ಉಳಿದ ಚಂದಾ ಹಣ ವಾಪಸ್ ಕೇಳಿದ್ದಾರೆ.

ಮೇಷ್ಟ್ರೇ, ಕಟಿಂಗ್ ಸರಿಯಾಗಿವೆ. ಎಲ್ಲೂ ತಿರುಚಿಲ್ಲ. ಬೌಂಡ್ ಮಾಡಿಸಿದ ಸಂಪುಟ ತೆಗೆದು, ಧೂಳು ಕೊಡವಿ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದೆ. ಓದುತ್ತಾ ಹೋದಂತೆ ನನಗೆ ಜಾಸ್ತಿ ಕಸಿವಿಸಿ ಆಗಿದ್ದು ನಿಲುವು ಬದಲಾದದ್ದಕ್ಕಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆಗ ನಡೆದದ್ದೇನು ಅಂತ ನೆನಪು ಮಾಡಿಕೊಳ್ಳೋಣ. 2011ರ ಜನವರಿ 21ರಂದು ಭಾರದ್ವಾಜ್ ಅನುಮತಿ ಕೊಟ್ಟರು. ಅದು ಡಿನೋಟಿಫಿಕೇಷನ್, ಅಂದರೆ ಸ್ವಾಧೀನಕ್ಕೆ ಗುರುತಿಸಿದ ಜಮೀನನ್ನು ಸರ್ಕಾರ ಕೈಬಿಟ್ಟ ದೂರುಗಳ ಮೇಲೆ. ಮರುದಿನವೇ ಬಿಜೆಪಿ ರಾಜ್ಯ ಬಂದ್‌ಗೆ ಕರೆ ಕೊಟ್ಟಿತು. ಸರ್ಕಾರ ಅವರದೇ, ಪೊಲೀಸರು ಅವರದೇ, ಬಂದ್ ಕೂಡ ಅವರದೇ. ಆಗ ಕಾಂಗ್ರೆಸ್‌ನವರು, ಜೆಡಿಎಸ್‌ನವರು ರಾಜ್ಯಪಾಲರು ಮಾಡಿದ್ದು ಸರಿ ಅಂದರು. ಹದಿಮೂರು ವರ್ಷ ಬಿಟ್ಟು, 2024ರ ಆಗಸ್ಟ್ 17ರಂದು ಗೆಹ್ಲೋಟ್ ಅನುಮತಿ ಕೊಟ್ಟಾಗ ಬೀದಿಗಿಳಿದಿದ್ದು ಕಾಂಗ್ರೆಸ್. ರಾಜ್ಯಪಾಲರ ಪರ ನಿಂತಿದ್ದು ಬಿಜೆಪಿ, ಜೊತೆಗೆ ಅಷ್ಟು ಹೊತ್ತಿಗೆ ಅವರ ಮನೆ ಸೇರಿದ್ದ ಜೆಡಿಎಸ್. ಪಾದಯಾತ್ರೆಯೂ ಹಾಗೇ. 2010ರಲ್ಲಿ ಗಣಿ ವಿಷಯಕ್ಕೆ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದರು. 2024ರಲ್ಲಿ ಮುಡಾ ವಿಷಯಕ್ಕೆ ಬಿಜೆಪಿ-ಜೆಡಿಎಸ್‌ನವರು ಬೆಂಗಳೂರಿನಿಂದ ಮೈಸೂರಿಗೆ ನಡೆದರು. ನಡೆದವರು ಬೇರೆ, ದಾರಿ ಬೇರೆ. ಅದರ ಬಗ್ಗೆ ಬರೆದ ಲೇಖನಗಳಲ್ಲಿ ಮಾತ್ರ ‘ಜನಾಂದೋಲನ’, ‘ನಾಟಕ’ ಅನ್ನುವ ಎರಡೇ ಪದಗಳು ಜಾಗ ಬದಲಾಯಿಸಿದ್ದವು.

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಾರಲ್ಲ, ಅದೇ ಕತೆ. ಪಕ್ಷದವರು ಹೀಗೆ ಮಾತಾಡಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ವಕೀಲರು ಕಕ್ಷಿದಾರನ ಪರ ವಾದಿಸಿದ ಹಾಗೆ, ಅದು ಅವರ ಕೆಲಸ. ಆದರೆ ಅಂಕಣಕಾರ ವಕಾಲತ್ತು ಹಾಕದೇ ವಾದಿಸುತ್ತಾನೆ. ತಾನು ಬರೀ ನೋಡಿದ್ದನ್ನು ಹೇಳುತ್ತಿದ್ದೇನೆ ಅಂತ ಓದುಗನ ಎದುರು ಕೂರುತ್ತಾನೆ. ನಿಮಗೆ ಸಿಟ್ಟು ಬಂದಿದ್ದು ಅಲ್ಲಿ, ಅಲ್ವಾ?

ಆದರೆ ಒಂದು ವಿಷಯದಲ್ಲಿ ನನಗೆ ನಿಮ್ಮ ಮೇಲೂ ಸ್ವಲ್ಪ ಬೇಜಾರು. ಅದೇ ಎರಡು ಸಂಚಿಕೆಗಳಲ್ಲಿ ಇನ್ನೊಬ್ಬರ ಅಂಕಣ ಕೂಡ ಇದೆ. ಪುಟ ತಿರುಗಿಸಿದರೆ ಸಿಗುತ್ತದೆ. ಅವರು 2011ರಲ್ಲಿ ‘ಕಾನೂನಿನ ಮುಂದೆ ಮುಖ್ಯಮಂತ್ರಿಯೂ ಒಂದೇ, ಮುನಿಯಪ್ಪನೂ ಒಂದೇ, ರಾಜ್ಯಪಾಲರು ಮಾಡಬೇಕಾದ್ದನ್ನೇ ಮಾಡಿದ್ದಾರೆ’ ಅಂತ ಬರೆದಿದ್ದರು. 2024ರಲ್ಲಿ ರಾಜಭವನವನ್ನು ಪಕ್ಷದ ಕಚೇರಿ ಅಂದರು, ಚುನಾಯಿತ ಸರ್ಕಾರದ ಮೇಲೆ ನಾಮನಿರ್ದೇಶನಗೊಂಡವರ ಸವಾರಿ ಅಂದರು. ಇಬ್ಬರ ನಾಲ್ಕು ಅಂಕಣಗಳನ್ನು ಜೆರಾಕ್ಸ್ ಮಾಡಿಸಿ, ರಾಜಕಾರಣಿಗಳ ಹೆಸರು, ಪಕ್ಷದ ಹೆಸರು, ಬರೆದವರ ಹೆಸರು ಎಲ್ಲಕ್ಕೂ ಕಪ್ಪು ಮಸಿ ಬಳಿದು, ನಮ್ಮಲ್ಲಿ ಪ್ರೂಫ್ ನೋಡುವ ಹುಡುಗಿಗೆ ಕೊಟ್ಟೆ. ಯಾವುದು ಯಾರದ್ದು ಹೇಳಮ್ಮ ಅಂದೆ. ಅವಳು ಹತ್ತು ನಿಮಿಷ ಓದಿ ಎರಡು ಜೋಡಿ ಮಾಡಿ ಇಟ್ಟಳು. ಒಂದು ಜೋಡಿ ರಾಜ್ಯಪಾಲರ ಪರ, ಒಂದು ಜೋಡಿ ವಿರುದ್ಧ. ‘ಇವೆರಡು ಒಬ್ಬರದ್ದು, ಅವೆರಡು ಇನ್ನೊಬ್ಬರದ್ದು ಸಾರ್’ ಅಂದಳು. ಪೂರ್ತಿ ತಪ್ಪು. ಅವಳ ತಪ್ಪಲ್ಲ.

ನಿಮ್ಮ ಪತ್ರದಲ್ಲಿ ಈ ಎರಡನೆಯವರ ಸುದ್ದಿಯೇ ಇಲ್ಲ. ಯಾಕೆ ಅಂತ ಕೇಳಬಹುದಾ? ಕಟಿಂಗ್ ಇಡುವವರು ನೀವು. ಒಬ್ಬರದ್ದು ಕತ್ತರಿಸಿ ಇಟ್ಟಿದ್ದೀರಿ, ಇನ್ನೊಬ್ಬರದ್ದನ್ನು ಓದಿ ತಲೆದೂಗಿ ರದ್ದಿಗೆ ಹಾಕಿದ್ದೀರಿ ಅಂತ ನನ್ನ ಗುಮಾನಿ. ತಪ್ಪಾಗಿದ್ದರೆ ಬೈಯಿರಿ.

ಇನ್ನು, ‘ಎರಡೂ ಪ್ರಕರಣ ಒಂದೇ ಅಲ್ಲವಲ್ಲ’ ಅಂತ ಇಬ್ಬರೂ ಹೇಳುತ್ತಾರೆ. ನಾನು ಫೋನ್ ಮಾಡಿ ಕೇಳಿದೆ. ಇಬ್ಬರೂ ಮೊದಲೇ ಮಾತಾಡಿಕೊಂಡ ಹಾಗೆ ಒಂದೇ ವಾಕ್ಯ ಹೇಳಿದರು: ‘ಸಂದರ್ಭ ಬೇರೆ ಅಲ್ವಾ ಸಾರ್.’ ಒಪ್ಪುತ್ತೇನೆ. ಯಾರ ಜಮೀನು, ಯಾರ ನಿವೇಶನ, ಸಹಿ ಯಾರದ್ದು, ತನಿಖೆ ಎಲ್ಲಿಗೆ ಬಂದಿತ್ತು, ಇವೆಲ್ಲ ಬೇರೆ ಬೇರೆ. ಒಂದು ಗಟ್ಟಿ, ಇನ್ನೊಂದು ಜೊಳ್ಳು ಅಂತ ವಾದ ಮಾಡಬಹುದು. ಆದರೆ ಇಬ್ಬರೂ ಬರೆದಿದ್ದು ಆ ವಿವರವನ್ನಲ್ಲ. ಬರೆದಿದ್ದು ರಾಜ್ಯಪಾಲರಿಗೆ ಈ ಅಧಿಕಾರ ಇದೆಯಾ ಇಲ್ಲವಾ ಅನ್ನುವುದನ್ನು. ಆ ಪ್ರಶ್ನೆ ಮಾತ್ರ ಎರಡೂ ಸಲ ಒಂದೇ. ಸಚಿವ ಸಂಪುಟದ ಸಲಹೆ ಮೀರಿ ರಾಜ್ಯಪಾಲರು ಅನುಮತಿ ಕೊಡಬಹುದೇ? ಮಧ್ಯಪ್ರದೇಶದ ಇಬ್ಬರು ಸಚಿವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2004ರಲ್ಲೇ ಇದಕ್ಕೆ ಉತ್ತರ ಹೇಳಿತ್ತು. ಸಾಮಾನ್ಯವಾಗಿ ಸಂಪುಟದ ಸಲಹೆಯಂತೆ ನಡೆಯಬೇಕು, ಆದರೆ ಸಂಪುಟವೇ ತನ್ನವರನ್ನು ಬಚಾವ್ ಮಾಡಲು ಕೂತಂತೆ ಕಂಡರೆ ರಾಜ್ಯಪಾಲರು ಸ್ವಂತ ವಿವೇಚನೆ ಬಳಸಬಹುದು, ಅನ್ನುವುದು ಅದರ ತಾತ್ಪರ್ಯ. 2011ರಲ್ಲೂ ಈ ತೀರ್ಪು ಇತ್ತು. 2024ರಲ್ಲೂ ಇತ್ತು. ಇಬ್ಬರೂ ತಮಗೆ ಬೇಕಾದ ವರ್ಷ ಅದನ್ನು ಉದ್ಧರಿಸಿದ್ದಾರೆ, ಬೇಡವಾದ ವರ್ಷ ಮರೆತಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಗೆಹ್ಲೋಟ್ ಅವರ ಅನುಮತಿಯನ್ನು ಎತ್ತಿಹಿಡಿದಾಗಲೂ ಅಷ್ಟೇ. ಒಬ್ಬರಿಗೆ ಅದು ನ್ಯಾಯದ ಗೆಲುವು, ಇನ್ನೊಬ್ಬರಿಗೆ ಆ ವಾರ ಬರೆಯಲು ಬೇರೆ ವಿಷಯ ಸಿಕ್ಕಿತ್ತು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 2017ರ ಮಾರ್ಚ್‌ನಲ್ಲಿ ಗೋವಾದ 40 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 17, ಬಿಜೆಪಿಗೆ 13. ಸರ್ಕಾರ ಮಾಡಿದ್ದು ಬಿಜೆಪಿ, ಚುನಾವಣೆ ಆದಮೇಲೆ ಮೈತ್ರಿ ಕಟ್ಟಿಕೊಂಡು. ಮಣಿಪುರದಲ್ಲೂ ಹಾಗೇ, ಕಾಂಗ್ರೆಸ್ 28, ಬಿಜೆಪಿ 21, ಸರ್ಕಾರ ಬಿಜೆಪಿಯದು. ಆಗ ಅವರ ವಾದ, ದೊಡ್ಡ ಪಕ್ಷ ಯಾವುದಾದರೇನು, ಬಹುಮತ ಯಾರ ಹತ್ತಿರ ಇದೆ ನೋಡಿ ಅಂತ. ವರ್ಷ ಕಳೆಯಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಈಗ ದೊಡ್ಡ ಪಕ್ಷವನ್ನೇ ಕರೆಯಬೇಕು ಅನ್ನುವುದು ಬಿಜೆಪಿಯ ವಾದ, ಬಹುಮತ ನೋಡಿ ಅನ್ನುವುದು ಕಾಂಗ್ರೆಸ್ ವಾದ. ಆ ಜಗಳ ಕೇಳಲು ರಾತ್ರಿ ಪೂರ್ತಿ ಸುಪ್ರೀಂ ಕೋರ್ಟ್ ಬಾಗಿಲು ತೆರೆದಿತ್ತು, ನೆನಪಿದೆಯಾ? ನಾವು ಕೆಲವರು ಆಫೀಸಿನಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆವು. ಯಡಿಯೂರಪ್ಪ ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ವಿಶ್ವಾಸಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಆ ನಡುವೆ ಗೋವಾದ ಕಾಂಗ್ರೆಸ್ ಶಾಸಕರು ಅಲ್ಲಿನ ರಾಜ್ಯಪಾಲರ ಹತ್ತಿರ ಹೋಗಿ ‘ಕರ್ನಾಟಕದ ಲೆಕ್ಕದಲ್ಲಿ ನಮ್ಮನ್ನು ಕರೆಯಿರಿ’ ಅಂದರು. ಅಂದರೆ ಒಂದೇ ವಾರ, ಒಂದೇ ಪಕ್ಷ, ಬೆಂಗಳೂರಿನಲ್ಲಿ ಒಂದು ನಿಯಮ, ಪಣಜಿಯಲ್ಲಿ ಅದರ ಉಲ್ಟಾ. ಅವರೇನೋ ಎದುರು ಪಕ್ಷದ ಕಾಲೆಳೆಯಲು ಹೋಗಿದ್ದು, ಅದನ್ನು ಮುಚ್ಚಿಡಲೂ ಇಲ್ಲ. ನಮ್ಮ ಅಂಕಣಕಾರರಿಗೆ ಅಷ್ಟು ಹಾಸ್ಯಪ್ರಜ್ಞೆಯೂ ಇರಲಿಲ್ಲ.

ಈಗ ನನ್ನ ಕಸಿವಿಸಿಗೆ ಬರುತ್ತೇನೆ. ನೀವು ಕಳಿಸಿದ 2024ರ ಕಟಿಂಗ್ ತೆಗೆದುಕೊಳ್ಳಿ. ಮೊದಲ ನಾಲ್ಕು ಪ್ಯಾರಾ ತಣ್ಣಗಿದೆ. ಕಾಯ್ದೆ, ಕಲಂ, ದಿನಾಂಕ ಎಲ್ಲ ಇದೆ. ಐದನೆಯ ಪ್ಯಾರಾ ಶುರುವಾಗುವಾಗ ಯಾವ ಓದುಗನಿಗಾದರೂ ಒಂದು ಪ್ರಶ್ನೆ ಬರುತ್ತದೆ: ಸರಿ ಸ್ವಾಮಿ, ಹಾಗಾದರೆ ಭಾರದ್ವಾಜ್ ವಿಷಯದಲ್ಲಿ ಏನಂದಿದ್ದಿರಿ? ಸರಿಯಾಗಿ ಅಲ್ಲೇ ‘ಗಂಜಿಗಿರಾಕಿಗಳ ಬೊಬ್ಬೆ’ ಅಂತ, ಎಡಪಂಥೀಯರನ್ನು ಹಂಗಿಸುವ ಪದ, ಬರುತ್ತದೆ. ಅಲ್ಲಿಂದ ಕೊನೆಯವರೆಗೂ ಬರೀ ಬೈಗುಳ. ಇನ್ನೊಬ್ಬರ ಅಂಕಣ ನೋಡಿದೆ. ಅಲ್ಲೂ ಅದೇ ಜಾಗದಲ್ಲಿ ‘ಭಕ್ತರ ಮೆದುಳಿಗೆ’ ಅಂತ ಶುರು. ಬೈಗುಳ ಯಾವಾಗ ಬರುತ್ತದೆ ಅಂತ ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಅದು ಸಿಟ್ಟಿಗೆ ಬರುವುದಲ್ಲ ಮೇಷ್ಟ್ರೇ. ಹಿಂದೆ ತಾನೇ ಬರೆದದ್ದಕ್ಕೆ ಲೆಕ್ಕ ಕೊಡಬೇಕಾದ ಜಾಗದಲ್ಲಿ ಬರುತ್ತದೆ. ಓದುಗ ಚುಚ್ಚಿಸಿಕೊಂಡು ಹೌಹಾರುತ್ತಾನೆ, ಆ ಪದ ಹಿಡಿದುಕೊಂಡು ಜಗಳಕ್ಕೆ ಬರುತ್ತಾನೆ, ಪ್ರಶ್ನೆ ಅಲ್ಲೇ ಬಿದ್ದುಹೋಗುತ್ತದೆ. ಆ ವಾರ ನಮಗೆ ಬಂದ ಪತ್ರಗಳ ಕಂತೆಯನ್ನು ಮತ್ತೆ ಬಿಚ್ಚಿ ನೋಡಿದೆ. ಗಂಜಿಗಿರಾಕಿ ಅಂದಿದ್ದಕ್ಕೆ ಕೆಂಡವಾದವರು, ಶಹಬ್ಬಾಸ್ ಅಂದವರು, ಅಷ್ಟೇ. 2011ರ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ನೀವೇ ಮೊದಲಿಗರು, ಅದೂ ಹಳೆಯ ಫೈಲು ಜೋಡಿಸುವಾಗ ಕಣ್ಣಿಗೆ ಬಿದ್ದಿದ್ದಕ್ಕೆ.

ಈಗ ನನ್ನ ತಪ್ಪು. ಆ ಅಂಕಣಕ್ಕೆ ಅವರು ಕೊಟ್ಟ ಶೀರ್ಷಿಕೆ ‘ರಾಜ್ಯಪಾಲರ ವಿವೇಚನೆ’ ಅಂತ. ಸಪ್ಪೆ ಆಯಿತು ಅನ್ನಿಸಿ ‘ಗಂಜಿಗಿರಾಕಿಗಳ ಗೋಳು’ ಅಂತ ಬದಲಾಯಿಸಿದವನು ನಾನು. ಮುಖಪುಟದಲ್ಲಿ ಕೆಂಪು ಅಕ್ಷರದಲ್ಲಿ ಹಾಕಿಸಿದವನೂ ನಾನೇ. ಆ ಸಂಚಿಕೆ ಚೆನ್ನಾಗಿ ಹೋಯಿತು. ನೀವು ವ್ಯಾಪಾರ ಅಂದಿದ್ದಕ್ಕೆ ನಾನು ಏನೂ ಎದುರಾಡಲಾರೆ.

ಇನ್ನೂ ಒಬ್ಬರ ವಿಷಯ ಹೇಳಬೇಕು. ನಮ್ಮಲ್ಲಿ ಮೂರನೆಯ ಪುಟದಲ್ಲಿ ಬರೆಯುವ ಹಿರಿಯರೊಬ್ಬರಿದ್ದಾರೆ. 2011ರಲ್ಲಿ ಅವರು ಬರೆದದ್ದು, ಯಡಿಯೂರಪ್ಪನವರ ಮೇಲೆ ವಿಚಾರಣೆ ಆಗಲಿ, ಆದರೆ ದೆಹಲಿ ನೇಮಿಸಿದವರ ಕೈಯಲ್ಲಿ ಈ ಬೀಗದ ಕೈ ಇರುವುದು ಅಪಾಯ ಅಂತ. ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ರಾಜಭವನದ ಒಂದು ವರದಿ ಬೀಳಿಸಿದ್ದನ್ನು ಕಣ್ಣಾರೆ ಕಂಡವರು. ಬಹುಮತ ಸದನದಲ್ಲೇ ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳುವ ಹೊತ್ತಿಗೆ ಐದು ವರ್ಷ ಆಗಿತ್ತು, ಆ ಸರ್ಕಾರ ತಿರುಗಿ ಬರಲಿಲ್ಲ ಅಂತ ಈಗಲೂ ಹೇಳುತ್ತಿರುತ್ತಾರೆ. 2024ರಲ್ಲಿ ಅವರು ಬರೆದದ್ದೂ ಅದೇ ಮಾತು, ಹೆಸರು ಮಾತ್ರ ಬೇರೆ. ಅದಕ್ಕೆ ಅವರಿಗೆ ಸಿಕ್ಕಿದ್ದೇನು ಗೊತ್ತಾ? 2011ರಲ್ಲಿ ಒಬ್ಬ ಓದುಗ ಅವರನ್ನು ‘ಚಡ್ಡಿ’ ಅಂದ. 2024ರಲ್ಲಿ ಇನ್ನೊಬ್ಬ ‘ಗುಲಾಮ’ ಅಂದ. ಎರಡೂ ಪೋಸ್ಟ್‌ಕಾರ್ಡ್‌ಗಳನ್ನು ಅವರು ತಮ್ಮ ಟೇಬಲ್ ಗಾಜಿನ ಕೆಳಗೆ ಅಕ್ಕಪಕ್ಕ ಇಟ್ಟುಕೊಂಡಿದ್ದಾರೆ. ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮುಖ್ಯಮಂತ್ರಿಯ ವಿಷಯದಲ್ಲಿ ಅನುಮತಿಯನ್ನು ಅವರದೇ ಸಂಪುಟದ ಕೈಗೆ ಕೊಟ್ಟರೆ ಕಳ್ಳನ ಕೈಗೇ ಕೀಲಿ ಕೊಟ್ಟ ಹಾಗೆ ಅನ್ನುವುದು ನನ್ನ ಅನಿಸಿಕೆ. ಆದರೆ ಅವರ ಜೊತೆ ಜಗಳ ಆಡಬಹುದು. ಮುಂದಿನ ಸಲ ಎಲ್ಲಿ ಸಿಗುತ್ತಾರೆ ಅಂತ ಗೊತ್ತು.

ನಿಲುವು ಬದಲಾಯಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಹದಿಮೂರು ವರ್ಷದಲ್ಲಿ ಒಬ್ಬನಿಗೆ ಬುದ್ಧಿ ಬರಬಾರದಾ? ‘ಆಗ ಹೀಗೆ ಬರೆದಿದ್ದೆ, ಈಗ ಈ ಕಾರಣಕ್ಕೆ ಬೇರೆ ಅನ್ನಿಸಿದೆ’ ಅಂತ ಎರಡು ಸಾಲು ಸಾಕಿತ್ತು. ನೀವು ಕಟಿಂಗ್ ಕಳಿಸಿದ ಅಂಕಣಕಾರರಿಗೆ ಅದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಎರಡು ಸಾಲು ಬರೆದರೆ ನನ್ನ ಓದುಗರು ನನ್ನನ್ನು ಮಾರಿಕೊಂಡವನು ಅಂತಾರೆ’ ಅಂದರು. ಉತ್ಪ್ರೇಕ್ಷೆ ಅನ್ನಿಸಲಿಲ್ಲ. ಅವರ ಓದುಗರನ್ನು ನಾನು ಬಲ್ಲೆ.

ಅವರನ್ನು ತೆಗೆಯಿರಿ ಅಂತ ನೀವು ಕೇಳಿದ್ದೀರಿ. ತೆಗೆಯುವುದಿಲ್ಲ. ತೆಗೆದರೆ ಇನ್ನೊಬ್ಬರನ್ನೂ ತೆಗೆಯಬೇಕು, ಆಮೇಲೆ ನನ್ನನ್ನೂ. ಬದಲಿಗೆ ಮುಂದಿನ ಸಂಚಿಕೆಯಲ್ಲಿ ಇಬ್ಬರ ನಾಲ್ಕೂ ಅಂಕಣಗಳನ್ನು ಎದುರುಬದುರು ಪುಟದಲ್ಲಿ ಮತ್ತೆ ಹಾಕುತ್ತಿದ್ದೇನೆ, ಒಂದಕ್ಷರ ತಿದ್ದದೆ. ಜೊತೆಗೆ ಇಬ್ಬರಿಗೂ ಅರ್ಧ ಪುಟ ಕೊಟ್ಟಿದ್ದೇನೆ, ಬೇಕಾದ್ದು ಬರೆಯಲಿ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ‘ನೋಡೋಣ’ ಅಂದಿದ್ದಾರೆ. ಬರೆಯದಿದ್ದರೆ ಆ ಅರ್ಧ ಪುಟ ಖಾಲಿ ಬಿಡುತ್ತೇನೆ, ಜಾಹೀರಾತು ಹಾಕುವುದಿಲ್ಲ. ನಮ್ಮ ಮ್ಯಾನೇಜರ್ ಈಗಾಗಲೇ ಮುಖ ಊದಿಸಿಕೊಂಡಿದ್ದಾರೆ. ಶೀರ್ಷಿಕೆ ಅವರವರು ಕೊಟ್ಟಿದ್ದೇ.

ಚಂದಾ ಹಣದ ವಿಷಯ. ಇನ್ನು ಏಳು ಸಂಚಿಕೆ ಬಾಕಿ ಇದೆ. ಮುಂದಿನ ಸಂಚಿಕೆ ನೋಡಿದ ಮೇಲೂ ಬೇಡ ಅನ್ನಿಸಿದರೆ ಒಂದು ಕಾರ್ಡು ಹಾಕಿ, ಏಳರದ್ದೂ ವಾಪಸ್ ಬರುತ್ತದೆ. ನಿಮ್ಮ ಕಟಿಂಗ್‌ಗಳನ್ನು ಇವತ್ತೇ ಅಂಚೆಗೆ ಹಾಕಿದ್ದೇನೆ. ಅದೇ ಕವರಿನಲ್ಲಿ ಇನ್ನೊಬ್ಬರ ಎರಡು ಅಂಕಣಗಳ ಜೆರಾಕ್ಸ್ ಕೂಡ ಇದೆ. ನಿಮ್ಮ ಫೈಲಿನಲ್ಲಿ ಅವು ಇರಲಿಕ್ಕಿಲ್ಲ.

ಇತಿ,
ಸಂಪಾದಕ