ನುಡಿ ತಂತ್ರಾಂಶದಲ್ಲಿ ಟೈಪಿಸಿದ ಪಾರಿಜಾತದ ಹಾಡುಗಳು ಕೆಟ್ಟು ಕಾಣುವುದಕ್ಕೆ ಪರಿಹಾರ

ಬಾಗಲಕೋಟೆ ಸೀಮೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡುಗಳ ಲೇಖನ ಪತ್ರಿಕೆಯ ಜಾಲತಾಣಕ್ಕೆ ಏರಿಸಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಯಿತು ಅಂದಿರಿ. ಬಹುಶಃ ಅದು ಎಲ್ಲ ಕಂಪ್ಯೂಟರ್‌ಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಫಾಂಟ್ ಹೆಸರು ‘ನುಡಿ 01 ಇ’ ಅಂತಿದ್ದರೆ ಖಾತ್ರಿ. ಕಡತ ಹಾಳಾಗಿಲ್ಲ, ಮತ್ತೆ ಟೈಪ್ ಮಾಡಬೇಡ್ರಿ.

ಮೊದಲು ಒಂದು ನಕಲು ತೆಗೆದಿಡ್ರಿ. ಆಮೇಲೆ ಯೂನಿಕೋಡ್‌ಗೆ ಬದಲಿಸುವ ನುಡಿಯ ಪರಿವರ್ತಕಕ್ಕೆ ಕನ್ನಡ ಭಾಗ ಅಷ್ಟೇ ಹಾಕ್ರಿ. ಇಂಗ್ಲಿಷ್ ಗ್ರಂಥಗಳ ಹೆಸರು ಜೊತೆಗೆ ಹೋದರೆ ಅವೂ ಕೆಡುತ್ತವೆ. ನಂತರ ಧ್ವನಿಮುದ್ರಣ ಕೇಳುತ್ತಾ ಸಾಲುಸಾಲಾಗಿ ಓದ್ರಿ. ‘ಯಾರ‍್ಯಾರು’ ಥರದ ಕಡೆ ರಕಾರ ಅರ್ಕಾವತ್ತಾಗಿರಬಹುದು, ಎಳೆದು ಹಾಡಿದ್ದಕ್ಕೆ ಹಾಕಿದ ಗುರುತುಗಳೂ ಹಾರಿರಬಹುದು. ಕಲಾವಿದರು ‘ಬಂದಾನ’ ಅಂದದ್ದನ್ನು ಮಾತ್ರ ‘ಬಂದಿದ್ದಾನೆ’ ಅಂತ ತಿದ್ದಬೇಡ್ರಿ. ನಿಮ್ಮ ಇಷ್ಟು ದಿನದ ಓಡಾಟದ ಫಲ ಆ ಮಾತಿನೊಳಗೇ ಇದೆ. ಕಡೆಗೆ ಪಿಡಿಎಫ್ ಪ್ರತಿಯನ್ನೂ ಸೇರಿಸಿ ಕಳಿಸ್ರಿ.