ಇಟಲಿಯವರು ಮನೆಯನ್ನು ಹೇಗೆ ಸ್ವಚ್ಛವಾಗಿಟ್ಟುಕೊಳ್ಳುತ್ತಾರೆ?

ಹೊರದೇಶದಿಂದ ಬಂದು ಇಲ್ಲಿ ನೆಲೆಸಿದವರ ಕಣ್ಣಿಗೆ ಮೊದಲು ಬೀಳುವುದು ಬಿಡೆ, ಅಂದರೆ ಶೌಚದ ನಂತರ ನೀರಿನಿಂದ ತೊಳೆದುಕೊಳ್ಳಲು ಕಮೋಡಿನ ಪಕ್ಕದಲ್ಲಿಯೇ ಕೂರಿಸಿರುವ ಪಿಂಗಾಣಿಯ ತೊಟ್ಟಿ. ಪ್ರತಿ ಮನೆಯ ಕನಿಷ್ಠ ಒಂದು ಸ್ನಾನಗೃಹದಲ್ಲಿ ಅದು ಇರಬೇಕೆಂದು 1975ರ ಆರೋಗ್ಯ ಸಚಿವಾಲಯದ ಆದೇಶವೇ ವಿಧಿಸಿದೆ. ಕಾಗದವಷ್ಟೇ ಸಾಕೆನ್ನುವ ಯುರೋಪಿನ ಅನೇಕ ದೇಶಗಳ ನಡುವೆ, ಈ ಒಂದು ವಿಷಯದಲ್ಲಿ ಇಟಲಿ ನಮಗೆ ಹತ್ತಿರವಾಗಿ ತೋರುತ್ತದೆ.

ಹೆಚ್ಚಿನ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ಇರುವುದಿಲ್ಲ. ಟೈಲ್ಸ್ ಅಥವಾ ಅಮೃತಶಿಲೆಯ ನೆಲವನ್ನು ಗುಡಿಸಿ ಒರೆಸುತ್ತಾರೆ. ಆದರೆ ಬಚ್ಚಲಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ಉಜ್ಜುವ ನಮ್ಮ ಅಭ್ಯಾಸ ಇಲ್ಲಿ ನಡೆಯದು, ಏಕೆಂದರೆ ಅನೇಕ ಸ್ನಾನಗೃಹಗಳ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇರುವುದಿಲ್ಲ (ಸುರಿದರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ).

ಹೆಚ್ಚು ಶ್ರಮ ಹಿಡಿಸುವುದು ಗಡಸು ನೀರಿನ ಕಲೆ. ರೋಮ್‌ನಂಥ ನಗರಗಳ ನೀರು ನಲ್ಲಿ, ಷವರ್‌ಗಳ ಮೇಲೆ ಬಿಳಿ ಪದರ ಕಟ್ಟುವುದರಿಂದ ವಿನಿಗರ್ ಅಥವಾ ಸಿಟ್ರಿಕ್ ಆಮ್ಲ ಹಚ್ಚಿ ತೊಳೆಯುತ್ತಾರೆ; ಅದೇ ಆಮ್ಲ ಅಮೃತಶಿಲೆಯ ಹೊಳಪನ್ನು ತಿಂದುಹಾಕುತ್ತದೆ ಎಂಬುದನ್ನು ಬಾಡಿಗೆಗಿರುವವರು ನೆನಪಿಡಬೇಕು.

ನನಗೆ ಅತ್ಯಂತ ಜಾಣತನದ್ದೆನಿಸಿದ್ದು ಸಿಂಕಿನ ಮೇಲಿನ ತಳವಿಲ್ಲದ ಕಪಾಟು. ತೊಳೆದ ತಟ್ಟೆಗಳನ್ನು ಒರೆಸದೆ ಅದರೊಳಗಿನ ತಂತಿಯ ಸ್ಟ್ಯಾಂಡಿನಲ್ಲಿಟ್ಟರೆ ನೀರು ನೇರವಾಗಿ ಸಿಂಕಿಗೇ ತೊಟ್ಟಿಕ್ಕುತ್ತದೆ, ಬಾಗಿಲು ಮುಚ್ಚಿದರೆ ಪಾತ್ರೆ ಕಾಣುವುದೂ ಇಲ್ಲ. ಬೆಳಿಗ್ಗೆ ಹೊದಿಕೆಗಳನ್ನು ಕಿಟಕಿಯಲ್ಲಿ ಗಾಳಿಗೆ ಹರಡುವುದು ಸಾಮಾನ್ಯ. ನೆಲಹಾಸುಗಳನ್ನು ಕೊಡವುವ ವೇಳೆಯನ್ನು ಮಾತ್ರ ಅನೇಕ ವಸತಿ ಸಮುಚ್ಚಯಗಳ ನಿಯಮಾವಳಿಯೇ ನಿಗದಿಪಡಿಸಿರುತ್ತದೆ.